ತೂಕ ಇಳಿಸಿದವರನ್ನು ತೂಗುವ ಮೊದಲು

ಗಾಯಕ ಅದ್ನಾನ್ ಸಾಮಿಯವರ ಎರಡು ರೂಪಗಳು ಜನರ ನೆನಪಿನಲ್ಲಿವೆ. 2000ದ ಸುಮಾರಿಗೆ ಟಿ.ವಿ. ಪರದೆಯ ತುಂಬ ಕಾಣಿಸುತ್ತಿದ್ದ ಸ್ಥೂಲಕಾಯದ ಅದ್ನಾನ್ ಒಬ್ಬರು. ಕೆಲವೇ ವರ್ಷಗಳ ಬಳಿಕ ಗುರುತೇ ಸಿಗದಷ್ಟು ತೆಳ್ಳಗಾಗಿ ಬಂದ ಅದ್ನಾನ್ ಇನ್ನೊಬ್ಬರು. ಅವರೇ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿರುವ ಪ್ರಕಾರ ಒಂದು ಕಾಲದಲ್ಲಿ ಅವರ ತೂಕ 230 ಕಿಲೋ ಇತ್ತು. ಹೀಗೆಯೇ ಮುಂದುವರಿದರೆ ಆರು ತಿಂಗಳು ಬದುಕುವುದೂ ಕಷ್ಟ ಎಂದು ವೈದ್ಯರು ಎಚ್ಚರಿಸಿದ್ದರು. ಅವರು ಅಮೆರಿಕದ ಹ್ಯೂಸ್ಟನ್‌ಗೆ ಹೋಗಿ, ಆಹಾರ ತಜ್ಞರೊಬ್ಬರ ಮೇಲ್ವಿಚಾರಣೆಯಲ್ಲಿ ಅನ್ನ, ಬ್ರೆಡ್, ಸಕ್ಕರೆ ಬಿಟ್ಟು, ಪ್ರೋಟೀನ್ ಹೆಚ್ಚಿರುವ ಊಟಕ್ಕೆ ಒಗ್ಗಿಕೊಂಡು, ಸುಮಾರು 16 ತಿಂಗಳಲ್ಲಿ ನೂರಕ್ಕೂ ಹೆಚ್ಚು ಕಿಲೋ ಇಳಿಸಿದರು.

ಇಷ್ಟಾದರೂ ಜನ ಅವರನ್ನು ಬಿಡಲಿಲ್ಲ. ‘ಇದು ಆಪರೇಷನ್ ಇರಬೇಕು, ಸುಮ್ಮನೆ ಇಳಿಯುವ ತೂಕವಲ್ಲ’ ಎಂದರು. ಆಪರೇಷನ್ ಮಾಡಿಸಿಕೊಂಡಿಲ್ಲ, ಕೊಬ್ಬನ್ನು ಹೀರಿಸಿಕೊಂಡೂ ಇಲ್ಲ ಎಂದು ಅವರು ವರ್ಷಗಟ್ಟಲೆ ಹೇಳುತ್ತಲೇ ಇರಬೇಕಾಯಿತು.

ಒಬ್ಬ ಮನುಷ್ಯ ಸಾವಿನ ಅಂಚಿನಿಂದ ಮರಳಿ ಬಂದಿದ್ದಾನೆ. ಸಂತೋಷಪಡಬೇಕಾದ ನಾವು ಅವನು ಯಾವ ದಾರಿಯಿಂದ ಬಂದ ಎಂದು ತನಿಖೆಗೆ ಇಳಿಯುತ್ತೇವೆ. ಪಥ್ಯದಿಂದ ಬಂದನೋ, ಚಪ್ಪಾಳೆ. ಕತ್ತರಿಯಿಂದ ಬಂದನೋ, ಒಂದು ವ್ಯಂಗ್ಯದ ನಗು. ಇದು ಪ್ರಸಿದ್ಧರ ವಿಷಯಕ್ಕೆ ಸೀಮಿತವಲ್ಲ. ನಮ್ಮೂರಿನ ಮದುವೆ ಮನೆಯಲ್ಲಿ ತೆಳ್ಳಗಾಗಿ ಬಂದ ಹೆಣ್ಣುಮಗಳ ಬೆನ್ನ ಹಿಂದೆಯೂ ಇದೇ ಪಿಸುಮಾತು ಕೇಳುತ್ತದೆ. ಆಪರೇಷನ್ ಮಾಡಿಸಿಕೊಂಡ ಎಷ್ಟೋ ಜನ ಅದನ್ನು ಹತ್ತಿರದ ಬಂಧುಗಳಿಂದಲೂ ಮುಚ್ಚಿಡುತ್ತಾರೆ. ಹೃದಯದ ಆಪರೇಷನ್‌ಗೆ ಇಲ್ಲದ ನಾಚಿಕೆ ಜಠರದ ಆಪರೇಷನ್‌ಗೆ ಏಕೆ ಅಂಟಿಕೊಂಡಿತು?

ಉತ್ತರ ಸರಳ. ಬೊಜ್ಜನ್ನು ನಾವು ರೋಗವೆಂದು ಬಾಯಲ್ಲಿ ಹೇಳಿದರೂ ಮನಸ್ಸಿನೊಳಗೆ ಅದನ್ನು ಪಾಪವೆಂದೇ ತಿಳಿದಿದ್ದೇವೆ. ದಪ್ಪಗಿರುವವನು ಹೊಟ್ಟೆಬಾಕ, ಸೋಮಾರಿ, ನಾಲಿಗೆಯನ್ನು ಆಳಲಾಗದವನು ಎಂಬ ತೀರ್ಪು ಮೊದಲೇ ಸಿದ್ಧವಾಗಿದೆ. ಪಾಪಕ್ಕೆ ಪ್ರಾಯಶ್ಚಿತ್ತ ಬೇಕು, ಪ್ರಾಯಶ್ಚಿತ್ತದಲ್ಲಿ ನೋವಿರಬೇಕು. ಪಥ್ಯದಲ್ಲಿ ನೋವಿದೆ, ಆದ್ದರಿಂದ ಅದು ಪುಣ್ಯ. ಆಪರೇಷನ್ ಎಂದರೆ ದುಡ್ಡು ಕೊಟ್ಟು ಕೊಂಡ ಕ್ಷಮೆ. ಈ ಲೆಕ್ಕ ಸರಿಯೇ ಎಂಬುದನ್ನು ತಾಳ್ಮೆಯಿಂದ ನೋಡಬೇಕಾಗಿದೆ.

ಬ್ಯಾಂಟಿಂಗ್ ಎಂಬ ಮುದುಕನ ಕತೆ

ಅಕ್ಕಿ, ಗೋಧಿ, ಸಕ್ಕರೆಯಂಥ ಶರ್ಕರಪಿಷ್ಟಗಳನ್ನು ಬಿಟ್ಟು ತೂಕ ಇಳಿಸುವ ವಿಧಾನ ಇತ್ತೀಚಿನ ಫ್ಯಾಷನ್ ಎಂದು ಅನೇಕರು ತಿಳಿದಿದ್ದಾರೆ. 1972ರಲ್ಲಿ ಅಮೆರಿಕದ ಡಾ. ಅಟ್ಕಿನ್ಸ್ ತಮ್ಮ ಪುಸ್ತಕದ ಮೂಲಕ ಅದನ್ನು ಮನೆಮಾತು ಮಾಡಿದ್ದು ನಿಜ. ಆದರೆ ಅವರಿಗಿಂತ ನೂರಕ್ಕೂ ಹೆಚ್ಚು ವರ್ಷ ಮೊದಲು ಲಂಡನ್ನಿನಲ್ಲಿ ವಿಲಿಯಂ ಬ್ಯಾಂಟಿಂಗ್ ಎಂಬವರಿದ್ದರು. ಶವಸಂಸ್ಕಾರದ ವ್ಯವಸ್ಥೆ ಮಾಡುವುದು ಅವರ ಕುಟುಂಬದ ಉದ್ಯಮ. ರಾಜಮನೆತನದ ಅಂತ್ಯಕ್ರಿಯೆಗಳನ್ನು ನಡೆಸಿಕೊಡುತ್ತಿದ್ದ ಪ್ರತಿಷ್ಠಿತರು ಅವರು.

ಐದೂವರೆ ಅಡಿಗೂ ಒಂದಿಂಚು ಕಡಿಮೆ ಎತ್ತರದ ಬ್ಯಾಂಟಿಂಗ್ 1862ರಲ್ಲಿ, 66ನೇ ವಯಸ್ಸಿನ ಹೊತ್ತಿಗೆ, 202 ಪೌಂಡ್, ಅಂದರೆ ಸುಮಾರು 92 ಕಿಲೋ ತೂಗುತ್ತಿದ್ದರು. ಬಗ್ಗಿ ಬೂಟಿನ ದಾರ ಕಟ್ಟಲಾಗುತ್ತಿರಲಿಲ್ಲ. ಮಂಡಿಯ ಮೇಲೆ ಭಾರ ಬೀಳಬಾರದೆಂದು ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿಯುತ್ತಿದ್ದರು. ಬೀದಿಯಲ್ಲಿ ಜನರ ಹಾಸ್ಯಕ್ಕೆ ಹೆದರಿ ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದ್ದರು.

ಬ್ಯಾಂಟಿಂಗ್ ಸೋಮಾರಿಯಾಗಿರಲಿಲ್ಲ ಎಂಬುದು ಇಲ್ಲಿ ಮುಖ್ಯ. ವೈದ್ಯರು ಹೇಳಿದರೆಂದು ದಿನವೂ ಬೆಳಿಗ್ಗೆ ಎರಡು ಗಂಟೆ ದೋಣಿಯ ಹುಟ್ಟು ಹಾಕಿದರು. ತೋಳಿನಲ್ಲಿ ಬಲ ಬಂತು, ಜೊತೆಗೆ ಹಸಿವೂ ಹೆಚ್ಚಿ ತೂಕ ಇನ್ನಷ್ಟು ಏರಿತು. ಔಷಧಿ, ಸ್ನಾನಚಿಕಿತ್ಸೆ, ನಡಿಗೆ ಎಲ್ಲವನ್ನೂ ಮಾಡಿದರು. ಕೊನೆಗೆ ಕಿವಿ ಮಂದವಾಗುತ್ತಿದೆ ಎಂದು ಕಿವಿಯ ವೈದ್ಯ ಡಾ. ವಿಲಿಯಂ ಹಾರ್ವೆಯವರ ಬಳಿಗೆ ಹೋದರು. ಹಾರ್ವೆ ಪ್ಯಾರಿಸ್‌ನಲ್ಲಿ ಯಕೃತ್ತು ಮತ್ತು ಸಕ್ಕರೆಯ ಕುರಿತ ಕ್ಲಾಡ್ ಬರ್ನಾರ್ಡ್ ಅವರ ಉಪನ್ಯಾಸಗಳನ್ನು ಕೇಳಿ ಬಂದಿದ್ದವರು. ಬ್ರೆಡ್, ಸಕ್ಕರೆ, ಬಿಯರ್, ಆಲೂಗೆಡ್ಡೆ, ಹಾಲು, ಬೆಣ್ಣೆ ಬಿಡಿ ಎಂದರು. ಮಾಂಸ, ಮೀನು, ತರಕಾರಿ, ಸ್ವಲ್ಪ ಹಣ್ಣು ಉಳಿದವು. ಆ ಪಟ್ಟಿಯಲ್ಲಿ ದ್ರಾಕ್ಷಾರಸವೂ ಇತ್ತು, ಅದನ್ನು ನಾವು ಯಾರೂ ಅನುಕರಿಸಬೇಕಾಗಿಲ್ಲ. ಒಂದು ವರ್ಷದಲ್ಲಿ ಬ್ಯಾಂಟಿಂಗ್ 46 ಪೌಂಡ್, ಸುಮಾರು 21 ಕಿಲೋ ಇಳಿದರು. ತಮ್ಮ ಅನುಭವವನ್ನು 1863ರಲ್ಲಿ ಸಣ್ಣ ಪುಸ್ತಕವಾಗಿ ಅಚ್ಚು ಹಾಕಿಸಿ ಮೊದಲು ಉಚಿತವಾಗಿಯೇ ಹಂಚಿದರು. ಅವರ ಹೆಸರು ಎಷ್ಟು ಹರಡಿತೆಂದರೆ ಇಂದಿಗೂ ಸ್ವೀಡಿಷ್ ಭಾಷೆಯಲ್ಲಿ ತೂಕ ಇಳಿಸಲು ಪಥ್ಯ ಮಾಡುವುದಕ್ಕೆ ‘ಬಾಂಟಾ’ ಎನ್ನುತ್ತಾರೆ.

ಹಾರ್ವೆಯನ್ನು ಕಾಣುವ ಮೊದಲು ಮತ್ತು ಕಂಡ ನಂತರ ಬ್ಯಾಂಟಿಂಗ್ ಅವರ ಮನೋಬಲ ಒಂದೇ ಆಗಿತ್ತು. ಹುಟ್ಟು ಹಾಕಿದ ಮನುಷ್ಯನೇ ಬ್ರೆಡ್ ಬಿಟ್ಟ ಮನುಷ್ಯ. ಬದಲಾದದ್ದು ಅವರಿಗೆ ದೊರೆತ ತಿಳಿವಳಿಕೆ ಮತ್ತು ಆ ತಿಳಿವಳಿಕೆಯಂತೆ ಬದುಕಲು ಅವರಿಗಿದ್ದ ಅನುಕೂಲ. ಮಾಂಸ, ಮೀನನ್ನು ದಿನವೂ ಕೊಳ್ಳುವ ಶಕ್ತಿ ಅವರಿಗಿತ್ತು. ಅವರನ್ನು ಇಪ್ಪತ್ತು ವರ್ಷ ‘ಹೊಟ್ಟೆಬಾಕ’ ಎಂದು ಕಂಡವರು ತಪ್ಪು ಎಣಿಸಿದ್ದರು ಎಂದಾದರೆ, ಇಂದು ನಮ್ಮ ನೆರೆಯವರ ಬಗ್ಗೆ ಹಾಗೆ ಎಣಿಸುವ ನಾವು ಸರಿಯಾಗಿರುವ ಸಾಧ್ಯತೆ ಎಷ್ಟು?

ಕತ್ತರಿ ಅಡ್ಡದಾರಿಯೇ?

ಇನ್ನು ಆಪರೇಷನ್ನಿನ ಕಡೆಗೆ ಬರೋಣ. ಅದರ ಮೇಲೆ ಎರಡು ಆಕ್ಷೇಪಗಳಿವೆ. ಒಂದು, ಅದು ಕಷ್ಟಪಡದವರ ಅಡ್ಡದಾರಿ. ಇನ್ನೊಂದು, ಸೃಷ್ಟಿಕರ್ತನು ಕೊಟ್ಟ ಸರಿಯಾದ ಅಂಗವನ್ನು ಕೊಯ್ದು ಬಿಸಾಡುವುದು ಅಧಿಕಪ್ರಸಂಗ.

ಮೊದಲನೆಯದು ವಾಸ್ತವವನ್ನು ಅರಿಯದವರ ಮಾತು. ಈಗ ಹೆಚ್ಚು ಬಳಕೆಯಲ್ಲಿರುವ ‘ಸ್ಲೀವ್’ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆದು ಕೊಳವೆಯಂತೆ ಉಳಿಸುತ್ತಾರೆ. ‘ಬೈಪಾಸ್’ ವಿಧಾನದಲ್ಲಿ ಜಠರದ ಪುಟ್ಟ ಚೀಲವೊಂದನ್ನು ಮಾಡಿ ಅದನ್ನು ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಅಮೆರಿಕದ ಡಾ. ಎಡ್ವರ್ಡ್ ಮೇಸನ್ 1960ರ ದಶಕದಲ್ಲಿ ಇದಕ್ಕೆ ನಾಂದಿ ಹಾಡಿದರು. ಆಪರೇಷನ್ ಮುಗಿದ ಮೇಲೆ ವಾರಗಟ್ಟಲೆ ದ್ರವಾಹಾರ, ಆಮೇಲೆ ಮೆತ್ತನೆಯ ಆಹಾರ, ಆಮೇಲೆ ಬದುಕಿಡೀ ಸಣ್ಣ ಸಣ್ಣ ತುತ್ತು. ಬಿ-12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಜೀವನಪರ್ಯಂತ. ಬೈಪಾಸ್ ಮಾಡಿಸಿಕೊಂಡವರು ಆಸೆಗೆ ಸಿಹಿ ತಿಂದರೆ ಬೆವರು, ಎದೆಬಡಿತ, ಹೊಟ್ಟೆನೋವು ಬರುವುದುಂಟು. ಹಳೆಯ ಅಭ್ಯಾಸ ಮರಳಿದರೆ ತೂಕವೂ ಮರಳುತ್ತದೆ. ಅಂದರೆ ಕತ್ತರಿ ಹಾಕಿಸಿಕೊಂಡವರೂ ಪಥ್ಯದಿಂದ ತಪ್ಪಿಸಿಕೊಂಡಿಲ್ಲ. ಅವರು ಮೈಮೇಲೆ ಗಾಯವನ್ನೂ ಹೊತ್ತುಕೊಂಡು ಪಥ್ಯ ಮಾಡುತ್ತಾರೆ.

ಫಲವೂ ಕಡೆಗಣಿಸುವಂಥದ್ದಲ್ಲ. ಸ್ವೀಡನ್ನಿನಲ್ಲಿ 1987ರಿಂದ ನಡೆಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ತೀವ್ರ ಬೊಜ್ಜಿನ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಸರಾಸರಿ 11 ವರ್ಷದಷ್ಟು ಕಾಲ ಗಮನಿಸಿದಾಗ, ಆಪರೇಷನ್ ಆದವರಲ್ಲಿ ಸಾವಿನ ಪ್ರಮಾಣ ಉಳಿದವರಿಗಿಂತ ಸುಮಾರು ಕಾಲು ಪಾಲು ಕಡಿಮೆ ಇತ್ತು. ಇದು ಅಲಂಕಾರದ ಚಿಕಿತ್ಸೆಯಲ್ಲ. ಅನೇಕರಿಗೆ ಇದು ಮಕ್ಕಳ ಮದುವೆ ನೋಡುವ ಅವಕಾಶ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ದೇಹ ನಮ್ಮದಲ್ಲ, ನಮ್ಮ ಬಳಿ ನಂಬಿ ಇಟ್ಟದ್ದು ಎಂಬ ಭಾವನೆ ಎಲ್ಲ ಧರ್ಮಗಳಲ್ಲೂ ಒಂದಲ್ಲ ಒಂದು ರೂಪದಲ್ಲಿದೆ. ಅರಬಿಯಲ್ಲಿ ಇದಕ್ಕೆ ‘ಅಮಾನತ್’ ಎನ್ನುತ್ತಾರೆ. ಇದೇ ಪದ ಕನ್ನಡಕ್ಕೆ ಬಂದು, ಕಚೇರಿಗಳಲ್ಲಿ ನೌಕರನನ್ನು ಕೆಲಸದಿಂದ ದೂರವಿಡುವ ‘ಅಮಾನತು’ ಆಗಿದೆ. ಮೂಲದಲ್ಲಿ ಅದು ಮತ್ತೊಬ್ಬರು ನಂಬಿ ಒಪ್ಪಿಸಿದ ಸೊತ್ತು, ಜೋಪಾನ ಮಾಡಿ ಲೆಕ್ಕ ಒಪ್ಪಿಸಬೇಕಾದ ಠೇವಣಿ. ಆ ದೃಷ್ಟಿಯಿಂದ ನೋಡಿದರೆ ಕಾರಣವಿಲ್ಲದೆ ದೇಹವನ್ನು ಕೊಯ್ಯುವುದು ನಂಬಿಕೆದ್ರೋಹವೇ ಸರಿ. ಆದರೆ ಠೇವಣಿ ನಾಶವಾಗುತ್ತಿರುವುದನ್ನು ನೋಡುತ್ತ ಕೂರುವುದು ಏನು? ಮಧುಮೇಹದಿಂದ ಮೂತ್ರಪಿಂಡ ಸೋಲುತ್ತಿರುವಾಗ, ನಿದ್ದೆಯಲ್ಲಿ ಉಸಿರು ಕಟ್ಟುತ್ತಿರುವಾಗ, ಜಠರವನ್ನು ಮುಟ್ಟಬಾರದು ಎನ್ನುವುದು ಮನೆಗೆ ಬೆಂಕಿ ಬಿದ್ದಾಗ ಬಾಗಿಲು ಒಡೆಯಬೇಡಿ ಎಂದಂತೆ. ಚೆಂದಕ್ಕಾಗಿ ದೇಹವನ್ನು ತಿದ್ದುವುದು ಬೇರೆ, ಜೀವಕ್ಕಾಗಿ ಚಿಕಿತ್ಸೆ ಪಡೆಯುವುದು ಬೇರೆ.

ಆದರೂ ಈ ಆಕ್ಷೇಪದಲ್ಲಿ ಒಂದು ಸತ್ಯ ಉಳಿದೇ ಉಳಿಯುತ್ತದೆ. ತೆಗೆದ ಜಠರ ಮತ್ತೆ ಬರುವುದಿಲ್ಲ. ಬಿಟ್ಟ ಅನ್ನವನ್ನು ನಾಳೆ ಮತ್ತೆ ಉಣ್ಣಬಹುದು. ಹಿಂದಿರುಗಲು ಸಾಧ್ಯವಿರುವ ದಾರಿಯನ್ನು ಮೊದಲು ಪ್ರಾಮಾಣಿಕವಾಗಿ ತುಳಿದು ನೋಡಿ, ಅನಂತರ ಹಿಂದಿರುಗಲಾರದ ದಾರಿಗೆ ಕಾಲಿಡಬೇಕು ಎಂಬುದು ಯಾವ ಅಮಾನತ್‌ಗೂ ಸಲ್ಲುವ ನೀತಿ. ಪಥ್ಯಕ್ಕೆ ಮೊದಲ ಹಕ್ಕು ಇರುವುದು ಈ ಕಾರಣಕ್ಕೆ. ಅದರಲ್ಲಿ ನೋವು ಹೆಚ್ಚು, ಆದ್ದರಿಂದ ಪುಣ್ಯ ಹೆಚ್ಚು ಎಂಬ ಕಾರಣಕ್ಕಲ್ಲ.

‘ಪ್ರಾಮಾಣಿಕವಾಗಿ’ ಎಂಬ ಮಾತಿನ ಭಾರ

ಹಾಗಾದರೆ ಪಥ್ಯಕ್ಕೆ ಪ್ರಾಮಾಣಿಕ ಅವಕಾಶ ಕೊಡುವುದು ಎಂದರೇನು? ಸಮಸ್ಯೆಯ ಬೇರು ಇಲ್ಲಿದೆ.

ಶರ್ಕರಪಿಷ್ಟ ಕಡಿಮೆ ಮಾಡುವುದರಿಂದ ಆಗುವುದು ಮಾಯವೇನಲ್ಲ. ಅನ್ನ, ರೊಟ್ಟಿ, ಸಕ್ಕರೆ ಕಡಿಮೆಯಾದಾಗ ರಕ್ತದಲ್ಲಿ ಸಕ್ಕರೆ, ಅದರ ಬೆನ್ನಿಗೆ ಇನ್ಸುಲಿನ್ ಕೂಡ ತಗ್ಗುತ್ತದೆ. ಪ್ರೋಟೀನ್ ಹೊಟ್ಟೆ ತುಂಬಿದ ಭಾವ ಕೊಡುವುದರಿಂದ ಒಟ್ಟು ತಿನ್ನುವುದೂ ಕಡಿಮೆಯಾಗುತ್ತದೆ. ಮೊದಲ ವಾರದಲ್ಲಿ ಸರ್ರನೆ ಇಳಿಯುವ ತೂಕದಲ್ಲಿ ನೀರಿನ ಪಾಲು ದೊಡ್ಡದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 609 ಜನರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷದ ಕೊನೆಗೆ ಶರ್ಕರಪಿಷ್ಟ ಕಡಿಮೆ ಮಾಡಿದವರು ಸರಾಸರಿ 6 ಕಿಲೋ, ಕೊಬ್ಬು ಕಡಿಮೆ ಮಾಡಿದವರು 5.3 ಕಿಲೋ ಇಳಿದಿದ್ದರು. ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ಆದರೆ ಎರಡೂ ಗುಂಪುಗಳಲ್ಲಿ 20 ಕಿಲೋಗೂ ಹೆಚ್ಚು ಇಳಿಸಿದವರಿದ್ದರು, ಮೊದಲಿಗಿಂತ ದಪ್ಪಗಾದವರೂ ಇದ್ದರು. ಒಂದೇ ಪಥ್ಯ, ಒಬ್ಬೊಬ್ಬರ ದೇಹದಲ್ಲಿ ಒಂದೊಂದು ಫಲ.

ದೇಹ ತನ್ನ ಹಳೆಯ ತೂಕವನ್ನು ಕಾಪಾಡಿಕೊಳ್ಳಲು ಹೋರಾಡುತ್ತದೆ ಎಂಬುದನ್ನೂ ನಾವು ತಿಳಿಯಬೇಕು. ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಸಂಶೋಧಕರು 2011ರಲ್ಲಿ ತೋರಿಸಿಕೊಟ್ಟಂತೆ, ಪಥ್ಯದಿಂದ ತೂಕ ಇಳಿಸಿದವರಲ್ಲಿ ಹಸಿವನ್ನು ಕೆರಳಿಸುವ ಹಾರ್ಮೋನುಗಳು ಒಂದು ವರ್ಷ ಕಳೆದರೂ ಶಮನಗೊಂಡಿರಲಿಲ್ಲ. ತೂಕ ಮರಳಿ ಬಂದವನನ್ನು ‘ನಾಲಿಗೆ ಚಪಲ’ ಎಂದು ಹೀಯಾಳಿಸುವವರು ಈ ಸಂಗತಿಯನ್ನು ನೆನಪಿಡಬೇಕು.

ಈಗ ನಮ್ಮ ಅಡುಗೆ ಮನೆಗೆ ಬನ್ನಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಭಾರತೀಯರಿಗೆ ದೊರೆಯುವ ಶಕ್ತಿಯಲ್ಲಿ ಸುಮಾರು ಶೇ. 62 ಭಾಗ ಶರ್ಕರಪಿಷ್ಟದಿಂದಲೇ ಬರುತ್ತದೆ. ಕರಾವಳಿಯಲ್ಲಿ ಗಂಜಿ, ಪತ್ತಿರ್, ಪುಂಡಿ. ಬಯಲುಸೀಮೆಯಲ್ಲಿ ಮುದ್ದೆ, ಉತ್ತರದಲ್ಲಿ ಜೋಳದ ರೊಟ್ಟಿ. ರಾಗಿ ತಿಂದರೆ ಸಾಕು, ಅದು ಪಥ್ಯ ಎಂದು ನಂಬಿದವರು ಬಹಳ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚಿದೆ, ಒಳ್ಳೆಯದೇ. ಆದರೆ ಅದರಲ್ಲೂ ಸುಮಾರು ಮೂರನೇ ಎರಡು ಭಾಗ ಶರ್ಕರಪಿಷ್ಟ. ಮುದ್ದೆಯ ಗಾತ್ರ ಕುಗ್ಗದೆ ತೂಕ ಕುಗ್ಗುವುದಿಲ್ಲ.

ಅನ್ನ ಕಡಿಮೆ ಮಾಡಿದರೆ ಆ ಜಾಗಕ್ಕೆ ಏನಾದರೂ ಬರಬೇಕಲ್ಲ? ಮೊಟ್ಟೆ, ಮೀನು, ಕೋಳಿ, ಪನ್ನೀರ್, ಕಾಳು, ಸೊಪ್ಪು, ಶೇಂಗಾ. ಇವಕ್ಕೆ ದುಡ್ಡು ಬೇಕು. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆ ಕರ್ನಾಟಕದ ಎಷ್ಟೋ ಮನೆಗಳಿಂದ ಹಸಿವನ್ನು ಓಡಿಸಿತು. ಅನ್ನವಿಲ್ಲದ ದಿನಗಳನ್ನು ಕಂಡ ಅಜ್ಜಿಗೆ ಒಂದು ಹಿಡಿ ಅನ್ನ ಬಡಿಸುವುದೇ ಪ್ರೀತಿ. ‘ಸಾಕು’ ಎಂದರೂ ಇನ್ನೊಂದು ಸೌಟು ಹಾಕುವ ಆ ಕೈಯನ್ನು ತಪ್ಪೆಂದು ಹೇಳುವವರು ಯಾರು? ಆದರೆ ಅಗ್ಗವಾಗಿ ಸಿಗುವುದು ಅಕ್ಕಿ, ಸಕ್ಕರೆ, ಎಣ್ಣೆ, ಮೈದಾ ಆಗಿರುವಾಗ, ಬಡವನಿಗೆ ‘ಶರ್ಕರಪಿಷ್ಟ ಬಿಡು’ ಎನ್ನುವುದು ಸುಲಭದ ಮಾತಲ್ಲ. ಹ್ಯೂಸ್ಟನ್ನಿನ ಆಹಾರ ತಜ್ಞರು ಎಲ್ಲರಿಗೂ ದಕ್ಕುವುದಿಲ್ಲ.

ಇನ್ನೊಂದು ಸೂಕ್ಷ್ಮ ಸಂಗತಿಯಿದೆ. ಗಂಡಸು ಪಥ್ಯ ಹಿಡಿದರೆ ಮನೆಯ ಹೆಂಗಸು ಅವನಿಗೆಂದು ಬೇರೆ ಪಾತ್ರೆ ಇಡುತ್ತಾಳೆ. ಅವನ ತೂಕ ಇಳಿದಾಗ ಊರು ಅವನ ಮನೋಬಲವನ್ನು ಹೊಗಳುತ್ತದೆ, ಪಾತ್ರೆ ಇಟ್ಟವಳ ಹೆಸರು ಬರುವುದಿಲ್ಲ. ಅದೇ ಹೆಂಗಸು ಪಥ್ಯ ಹಿಡಿದರೆ? ಎಲ್ಲರಿಗೂ ಬಿರಿಯಾನಿ ಮಾಡಿ ಬಡಿಸಿ, ಮಕ್ಕಳು ಬಿಟ್ಟದ್ದನ್ನು ಚೆಲ್ಲಲು ಮನಸ್ಸಾಗದೆ, ತನಗೊಬ್ಬಳಿಗೆ ಎಂದು ಮೀನಿನ ಎರಡು ತುಂಡು ಹೆಚ್ಚಿಗೆ ತೆಗೆದಿಟ್ಟುಕೊಳ್ಳಲು ಸಂಕೋಚಪಟ್ಟು, ಮೂರನೇ ವಾರಕ್ಕೆ ಸೋಲುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಶೇ. 24ರಷ್ಟು ಮಹಿಳೆಯರು ಅಧಿಕ ತೂಕ ಅಥವಾ ಬೊಜ್ಜು ಉಳ್ಳವರು. ಅವರಲ್ಲಿ ಎಷ್ಟು ಮಂದಿಗೆ ತಮ್ಮ ತಟ್ಟೆಯ ಮೇಲೆ ತಮ್ಮದೇ ಅಧಿಕಾರವಿದೆ?

ಸಂಯಮ ಒಬ್ಬಂಟಿಯ ಕೆಲಸವಲ್ಲ

ಇದಕ್ಕೆ ನಮ್ಮ ನಡುವೆಯೇ ಒಂದು ಪಾಠವಿದೆ. ರಮಝಾನ್ ತಿಂಗಳಲ್ಲಿ ಹನ್ನೆರಡು ವರ್ಷದ ಹುಡುಗನೂ ಬಿಸಿಲಿನಲ್ಲಿ ನೀರು ಮುಟ್ಟದೆ ದಿನ ಕಳೆಯುತ್ತಾನೆ. ಶಅಬಾನ್ ತಿಂಗಳಲ್ಲಿ ಬೆಳಗಿನ ತಿಂಡಿ ಹತ್ತು ನಿಮಿಷ ತಡವಾದರೆ ಮುನಿಯುತ್ತಿದ್ದವನು ಅವನೇ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಅವನ ಮನೋಬಲ ಹತ್ತು ಪಟ್ಟು ಬೆಳೆಯಿತೇ? ಇಲ್ಲ. ಅವನ ನಿಯ್ಯತ್ತಿನ ಜೊತೆಗೆ ಅವನ ಸುತ್ತಲಿನ ಲೋಕವೂ ಬದಲಾಯಿತು. ಮನೆಯಲ್ಲಿ ಒಲೆ ಉರಿಯುವುದಿಲ್ಲ, ಅಮ್ಮ ಅಪ್ಪ ಉಪವಾಸ, ಓಣಿಯ ಗೆಳೆಯರು ಉಪವಾಸ, ಏಳುವ ಮಲಗುವ ಗಳಿಗೆ ಬದಲು. ಏಕಾದಶಿಯ ಮನೆಯಲ್ಲೂ, ಜೈನರ ಪರ್ಯೂಷಣದಲ್ಲೂ ನಡೆಯುವುದು ಇದೇ. ಒಬ್ಬನಿಂದ ಆಗದ ಸಂಯಮ ಹತ್ತು ಜನ ಕೂಡಿದಾಗ ಸಲೀಸಾಗುತ್ತದೆ.

ಇದೇ ಪಾಠದ ಇನ್ನೊಂದು ಮಗ್ಗುಲೂ ಇದೆ. ಹಗಲಿಡೀ ಹಿಡಿದ ಸಂಯಮವನ್ನು ಇಫ್ತಾರಿನ ಸಮೋಸ, ಶರಬತ್ತು, ರಾತ್ರಿಯ ಬಿರಿಯಾನಿ ಎಲ್ಲರೂ ಕೂಡಿಯೇ ಕರಗಿಸುತ್ತಾರೆ. ಹೊಟ್ಟೆಯಲ್ಲಿ ಮೂರನೇ ಒಂದು ಪಾಲು ಉಸಿರಿಗೆ ಬಿಡಬೇಕೆಂಬ ಪ್ರವಾದಿ ಬೋಧನೆಯನ್ನು ಬಾಯಿಪಾಠ ಮಾಡಿದವರೇ ವಲೀಮಾದ ಊಟದಲ್ಲಿ ಎರಡನೆಯ ತಟ್ಟೆಗೆ ಒತ್ತಾಯಿಸುತ್ತಾರೆ. ಸಮುದಾಯ ಒಬ್ಬನನ್ನು ಎತ್ತಿ ನಿಲ್ಲಿಸಬಲ್ಲದು, ಬೀಳಿಸಲೂ ಬಲ್ಲದು. ಹೀಗಿರುವಾಗ ಗೆದ್ದರೆ ಅವನ ಮನೋಬಲ, ಸೋತರೆ ಅವನ ದುರ್ಬಲತೆ ಎಂದು ನಾವು ಕೈತೊಳೆದುಕೊಳ್ಳುವುದು ಯಾವ ನ್ಯಾಯ?

ಮಾರುಕಟ್ಟೆಗೆ ಈ ಒಂಟಿತನ ಬಹಳ ಇಷ್ಟ. ಸುಲಭ ಕಂತಿನಲ್ಲಿ ಆಪರೇಷನ್ ಎಂಬ ಜಾಹೀರಾತೂ, ಮೂವತ್ತು ದಿನದಲ್ಲಿ ಹದಿನೈದು ಕಿಲೋ ಎಂಬ ಪಥ್ಯದ ಪುಡಿಯೂ ಒಂದೇ ಗೋಡೆಯ ಮೇಲೆ ಇರುತ್ತವೆ. 2025ರಿಂದ ವಾರಕ್ಕೊಂದು ಚುಚ್ಚುಮದ್ದಿನ ಔಷಧಿಗಳೂ ಭಾರತದ ಅಂಗಡಿಗಳಿಗೆ ಬಂದಿವೆ. ಮೂರೂ ಸರಿಯಾದ ರೋಗಿಗೆ, ಸರಿಯಾದ ವೈದ್ಯರ ಕೈಯಲ್ಲಿ ಉಪಕಾರಿಗಳೇ. ಮೂರನ್ನೂ ನಾಚಿಕೆಯ ಬೆನ್ನೇರಿ ಮಾರಲಾಗುತ್ತಿದೆ ಎಂಬುದೇ ದುಃಖದ ಸಂಗತಿ. ನಾಚಿಕೆಯಿಂದ ಕೊಂಡವನು ಪ್ರಶ್ನೆ ಕೇಳುವುದಿಲ್ಲ. ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಒಮ್ಮೆಲೇ ಅನ್ನ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಗರ್ಭಿಣಿಯರು, ಮೂತ್ರಪಿಂಡದ ತೊಂದರೆ ಇರುವವರು ಇಂಥ ಪಥ್ಯವನ್ನು ತಾವೇ ಆರಂಭಿಸಬಾರದು. ಗುಟ್ಟಾಗಿ ತೂಕ ಇಳಿಸಲು ಹೊರಟವನಿಗೆ ಇದನ್ನು ಹೇಳುವವರು ಯಾರು?

ಆದ್ದರಿಂದ ಪಥ್ಯವೋ ಕತ್ತರಿಯೋ ಎಂಬ ಪ್ರಶ್ನೆಗೆ ಉತ್ತರ ಹೀಗೆ ಹೇಳಬಹುದು: ಸಾಧ್ಯವಿರುವವರಿಗೆಲ್ಲ ತಟ್ಟೆಗೇ ಮೊದಲ ಅವಕಾಶ. ಆದರೆ ಆ ಅವಕಾಶ ನಿಜವಾದದ್ದಾಗಿರಬೇಕು. ಮನೆಯ ಎಲ್ಲರ ತಟ್ಟೆಯಲ್ಲೂ ಅನ್ನ ಸ್ವಲ್ಪ ಇಳಿದು ಕಾಳು, ಸೊಪ್ಪು, ಮೀನು ಸ್ವಲ್ಪ ಏರಿದರೆ ಬೇರೆ ಪಾತ್ರೆಯ ಅಗತ್ಯವೇ ಬೀಳುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೂ ದೇಹ ಒಪ್ಪದಿದ್ದರೆ, ಅಥವಾ ಕಾಯುವಷ್ಟು ಕಾಲಾವಕಾಶವೇ ಇಲ್ಲವೆಂದು ವೈದ್ಯರು ಹೇಳಿದರೆ, ಕತ್ತರಿಗೆ ಒಪ್ಪುವುದರಲ್ಲಿ ಸೋಲಿಲ್ಲ, ಪಾಪವೂ ಇಲ್ಲ. ಅವನು ಆಸ್ಪತ್ರೆಯಿಂದ ಮರಳಿದಾಗ ನಾವು ಕೇಳಬೇಕಾದ್ದು ‘ಹೇಗಿದ್ದೀರಿ’ ಎಂದು ಮಾತ್ರ. ಊಟಕ್ಕೆ ಕರೆದಾಗ ಅವನು ಎರಡು ತುತ್ತಿಗೆ ಸಾಕೆಂದರೆ ಮೂರನೆಯದಕ್ಕೆ ಒತ್ತಾಯಿಸದಿರುವುದು ನಮ್ಮ ಪಾಲಿನ ಪಥ್ಯ.